ಕಿವಿಗೆ ಕೇಳದ ಶಬ್ದದಿಂದ ಬೆಸುಗೆ

ಚನ್ನಪಟ್ಟಣದ ಗೊಂಬೆಗಾರನು ಮರದ ತುಂಡನ್ನು ವೇಗವಾಗಿ ತಿರುಗಿಸುತ್ತ ಅದಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಅಲ್ಲಿ ಒಲೆಯಿಲ್ಲ, ಬೆಂಕಿಯಿಲ್ಲ. ಆದರೂ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಘರ್ಷಣೆಯಿಂದ ಹುಟ್ಟಿದ ಶಾಖವೇ ಇದಕ್ಕೆ ಕಾರಣ. ವಿಮಾನದ ಭಾಗಗಳನ್ನು ಬೆಸೆಯುವ ವಿಧಾನವೊಂದು ಇದಕ್ಕೆ ದೂರದ ನೆಂಟ. ಅಲ್ಲಿ ದುಡಿಯುವುದು ನಮ್ಮ ಕಿವಿಗೆ ಕೇಳಿಸದ ಶಬ್ದ.

ಮೊದಲು ಬೆಸೆಯಬೇಕಾದ ವಸ್ತುವನ್ನು ಪರಿಚಯ ಮಾಡಿಕೊಳ್ಳೋಣ. ಇಂಗಾಲದ ನವಿರಾದ ಎಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದರೆ ಹಗುರವೂ ಬಲಿಷ್ಠವೂ ಆದ ಸಂಯೋಜಿತ ವಸ್ತು ದೊರೆಯುತ್ತದೆ. ಪ್ಲಾಸ್ಟಿಕ್ಕುಗಳಲ್ಲಿ ಎರಡು ಜಾತಿ. ಒಂದು ಸುಟ್ಟ ಮಡಕೆಯಂತೆ. ಒಮ್ಮೆ ಗಟ್ಟಿಯಾದರೆ ಮತ್ತೆ ಮೆತ್ತಗಾಗದು. ಇನ್ನೊಂದು ಮೇಣದಂತೆ, ಕಾಯಿಸಿದರೆ ಕರಗಿ, ಆರಿದರೆ ಗಟ್ಟಿಯಾಗುತ್ತದೆ. ಇದೇ ಥರ್ಮೋಪ್ಲಾಸ್ಟಿಕ್. ಇವುಗಳಲ್ಲಿ ಒಂದಾದ ಪೀಕ್ ಎಂಬುದು ಸುಮಾರು 343 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ.

ಇಂತಹ ಎರಡು ಹಲಗೆಗಳನ್ನು ಜೋಡಿಸುವುದೆಂತು? ರಿವೆಟ್ ಹೊಡೆಯಲು ತೂತು ಕೊರೆದರೆ ಬಲ ಕೊಡುವ ಎಳೆಗಳೇ ತುಂಡಾಗುತ್ತವೆ. ಅಂಟು ಹಚ್ಚುವುದಾದರೆ ಮೇಲ್ಮೈಯನ್ನು ಬಹು ಎಚ್ಚರಿಕೆಯಿಂದ ಸಿದ್ಧಪಡಿಸಬೇಕು. ಅಂಟು ಗಟ್ಟಿಯಾಗುವವರೆಗೆ ಕಾಯಬೇಕು. ಕರಗುವ ಗುಣವೇ ಇರುವಾಗ ಕರಗಿಸಿ ಬೆಸೆಯಬಾರದೇಕೆ?

1880ರಲ್ಲಿ ಕ್ಯೂರಿ ಸಹೋದರರಾದ ಝಾಕ್ ಮತ್ತು ಪಿಯರ್, ಕೆಲವು ಹರಳುಗಳನ್ನು ಒತ್ತಿದಾಗ ಅವುಗಳಲ್ಲಿ ವಿದ್ಯುತ್ತು ತೋರುವುದೆಂದು ಕಂಡುಹಿಡಿದರು. ವಿದ್ಯುತ್ತನ್ನು ಕೊಟ್ಟಾಗ ಅವೇ ಹರಳುಗಳು ಹಿಗ್ಗಿ ಕುಗ್ಗುತ್ತವೆ. ಬೆಸುಗೆಯಂತ್ರದ ಹೃದಯವೇ ಇಂತಹ ಗುಣವುಳ್ಳ ಬಿಲ್ಲೆಗಳು. ಅವು ಸೆಕೆಂಡಿಗೆ ಸುಮಾರು 20,000 ಬಾರಿ ಕಂಪಿಸುತ್ತವೆ. ಆ ಕಂಪನವನ್ನು ಲೋಹದ ಕೊಂಬೊಂದು ಹಲಗೆಗಳಿಗೆ ಮುಟ್ಟಿಸುತ್ತದೆ. ಅದರ ತುದಿಯ ಚಲನೆ ಹೆಚ್ಚುಕಡಿಮೆ ಒಂದು ಕೂದಲೆಳೆಯ ದಪ್ಪದಷ್ಟೇ!

ಹಾಗಾದರೆ ಶಾಖವು ಸಂಧಿಯಲ್ಲಿಯೇ ಹುಟ್ಟುವುದೇಕೆ? ಹಲಗೆಗಳ ನಡುವೆ ಎಳೆಗಳಿಲ್ಲದ, ಬರಿಯ ಪ್ಲಾಸ್ಟಿಕ್ಕಿನ ತೆಳು ಹಾಳೆಯೊಂದನ್ನು ಇಟ್ಟಿರುತ್ತಾರೆ. ಹಲಗೆಗಳಿಗಿಂತ ಅದು ಮೃದು. ಆದ್ದರಿಂದ ಪ್ರತಿ ಕಂಪನದಲ್ಲಿಯೂ ಅದೇ ಹೆಚ್ಚು ಅಮುಕಿಸಿಕೊಳ್ಳುತ್ತದೆ. ತಂತಿಯೊಂದನ್ನು ಬೇಗಬೇಗನೆ ಹಿಂದುಮುಂದಾಗಿ ಬಗ್ಗಿಸಿ ಮುಟ್ಟಿದರೆ ಬಿಸಿ ತಗಲುವುದಷ್ಟೆ? ಹಾಗೆಯೇ ಮೊದಲು ಮೇಲ್ಮೈಗಳ ಘರ್ಷಣೆಯಿಂದ, ಅನಂತರ ಒಳಗಿನ ಅಣುಗಳ ತಿಕ್ಕಾಟದಿಂದ ಹಾಳೆ ಕಾಯ್ದು ಕರಗುತ್ತದೆ. ಹಲಗೆಗಳ ಮೇಲ್ಪದರವೂ ಕರಗಿ, ಪ್ಲಾಸ್ಟಿಕ್ಕಿನ ಉದ್ದವಾದ ಅಣುಸರಪಳಿಗಳು ಅತ್ತಿಂದಿತ್ತ ನುಸುಳಿ ಹೆಣೆದುಕೊಳ್ಳುತ್ತವೆ. ಆಗ ಕಂಪನವನ್ನು ನಿಲ್ಲಿಸಿ, ಆರುವವರೆಗೆ ಒತ್ತಡವನ್ನು ಮಾತ್ರ ಉಳಿಸುತ್ತಾರೆ. ಒಂದು ಜಾಗದ ಬೆಸುಗೆಗೆ ಕೆಲವು ಸೆಕೆಂಡುಗಳೇ ಸಾಕು.

ಆದರೆ ಯಾವಾಗ ನಿಲ್ಲಿಸಬೇಕು? ಕಷ್ಟವಿರುವುದು ಇಲ್ಲಿಯೇ. ಬೇಗ ನಿಲ್ಲಿಸಿದರೆ ಸರಪಳಿಗಳು ಹೆಣೆದುಕೊಂಡಿರುವುದಿಲ್ಲ; ತಡವಾದರೆ ಎಳೆಗಳು ಸ್ಥಾನ ತಪ್ಪಿ, ಒಳಗೆ ಗುಳ್ಳೆಗಳೇಳುತ್ತವೆ. ಎರಡೂ ದುರ್ಬಲ. ಹೊರಗಿನಿಂದ ನೋಡಿದವನಿಗೆ ಒಳ್ಳೆಯ ಬೆಸುಗೆಯೂ ಕೆಟ್ಟದ್ದೂ ಒಂದೇ ತೆರನಾಗಿ ಕಾಣಬಹುದು. ಆದರೆ ಸಾವಿರಾರು ಅಡಿ ಎತ್ತರದಲ್ಲಿ ಪ್ರಯಾಣಿಕರ ಪ್ರಾಣ ಅದನ್ನೇ ನಂಬಿರುತ್ತದೆ. ಸುದೈವದಿಂದ ಯಂತ್ರವೇ ಸಾಕ್ಷಿ ಹೇಳುತ್ತದೆ. ಹಾಳೆ ಕರಗಿ ಹರಿಯತೊಡಗಿದೊಡನೆ ಕೊಂಬು ಕೆಳಗಿಳಿಯುತ್ತದೆ. ಯಂತ್ರವು ಸೆಳೆಯುವ ವಿದ್ಯುಚ್ಛಕ್ತಿಯೂ ಏರಿಳಿಯುತ್ತದೆ. ವೈದ್ಯನು ನಾಡಿ ಹಿಡಿಯುವಂತೆ ಈ ಎರಡನ್ನೂ ಗಮನಿಸಿ, ಕೊಂಬು ಗೊತ್ತಾದಷ್ಟು ಇಳಿದೊಡನೆ ಕಂಪನವನ್ನು ನಿಲ್ಲಿಸುತ್ತಾರೆ.

ಯೂರೋಪಿನಲ್ಲಿ 2014ರಲ್ಲಿ ಆರಂಭವಾದ ಕ್ಲೀನ್ ಸ್ಕೈ 2 ಯೋಜನೆಯಲ್ಲಿ ಥರ್ಮೋಪ್ಲಾಸ್ಟಿಕ್ ಸಂಯೋಜಿತ ವಸ್ತುವಿನಿಂದ 8 ಮೀಟರ್ ಉದ್ದದ ವಿಮಾನದ ಒಡಲೊಂದನ್ನು ಪ್ರಯೋಗಾರ್ಥವಾಗಿ ನಿರ್ಮಿಸಲಾಯಿತು. ಅದನ್ನು ಜೋಡಿಸಿದ ವಿಧಾನಗಳಲ್ಲಿ ಈ ಬೆಸುಗೆಯೂ ಒಂದು. ಗೊಂಬೆಗಾರನ ಕೈ ಅನುಭವದಿಂದ ಅರಿಯುವ ಆ ಹದವನ್ನು ಇಲ್ಲಿ ಅಳತೆಯಿಂದ ಹಿಡಿಯಬೇಕಾಗಿದೆ. ವಿಜ್ಞಾನದ ಬಹುಪಾಲು ಕೆಲಸ ಇಂತಹ ಹದವನ್ನು ಹುಡುಕುವುದೇ ಅಲ್ಲವೆ?