ಅಲರ್ಟ್ ಮೊಬೈಲ್‌ಗೆ ಬರುತ್ತೆ, ಅಜ್ಜಿಯನ್ನ ಎತ್ಕೊಂಡು ಬರೋರು ಯಾರು?

2023ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲಿ ಎಷ್ಟೋ ಜನರ ಮೊಬೈಲ್ ಒಟ್ಟಿಗೇ ಕಿರುಚಿಕೊಂಡಿದ್ದು ನೆನಪಿದ್ಯಾ? ಸರ್ಕಾರದ ತುರ್ತು ಎಚ್ಚರಿಕೆಯ ಟೆಸ್ಟ್ ಮೆಸೇಜ್ ಅದು. ಒಳ್ಳೆಯ ವ್ಯವಸ್ಥೆಯೇ. ಆದರೆ ನಿಜವಾದ ಅಲರ್ಟ್ ರಾತ್ರಿ ಎರಡು ಗಂಟೆಗೆ ಬಂದ್ರೆ, ಹಾಸಿಗೆ ಹಿಡಿದಿರೋ ಪಕ್ಕದ್ಮನೆ ಅಜ್ಜಿಯನ್ನ ಯಾರು ಹೊರಗೆ ಕರ್ಕೊಂಡು ಬರ್ತಾರೆ? ಇವತ್ತು ನಾನು ಮಾತಾಡೋದು ಇದರ ಬಗ್ಗೆ.

ಜಪಾನ್ ಇದನ್ನ ಭಾರಿ ಬೆಲೆ ತೆತ್ತು ಕಲಿತಿದೆ. 2011ರ ಮಾರ್ಚ್ 11, ಭೂಕಂಪ, ಹಿಂದೆಯೇ ಸುನಾಮಿ. ಎಚ್ಚರಿಕೆ, ಡ್ರಿಲ್ ಎಲ್ಲದರಲ್ಲೂ ಮುಂದಿದ್ದ ದೇಶ. ಆದ್ರೂ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ 60 ದಾಟಿದವರು. ಅಂಗವಿಕಲರ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಅಂಥವರನ್ನ ಕರೆತರೋಕೆ ಹೋದ ಊರಿನ ಸ್ವಯಂಸೇವಕರೂ ಅಲೆಗೆ ಸಿಕ್ಕಿ ಸತ್ತರು.

ಬೇಜಾರಿನ ವಿಷಯ ಏನಂದ್ರೆ, ಯಾರ ಮನೇಲಿ ಅಂಗವಿಕಲರಿದ್ದಾರೆ ಅನ್ನೋ ಪಟ್ಟಿ ಅಲ್ಲಿನ ಸ್ಥಳೀಯ ಆಡಳಿತಗಳ ಹತ್ರ ಇತ್ತು. ಖಾಸಗಿ ಮಾಹಿತಿ ಅಂತ ನೆರವಿಗೆ ಬಂದ ಸಂಸ್ಥೆಗಳಿಗೆ ಬಹುತೇಕ ಕಡೆ ಕೊಡಲಿಲ್ಲ. 2013ರಲ್ಲಿ ಕಾನೂನು ತಿದ್ದಿದರು. ನೆರವು ಬೇಕಾದವರ ಪಟ್ಟಿ ಮಾಡೋದು ಕಡ್ಡಾಯ ಆಯ್ತು; ಜೀವಕ್ಕೇ ಅಪಾಯ ಬಂದಾಗ ಒಪ್ಪಿಗೆ ಇಲ್ಲದೇನೂ ಹಂಚಬಹುದು ಅಂತಾಯ್ತು. 2021ರ ತಿದ್ದುಪಡಿ ಪ್ರಕಾರ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ಲಾನ್ ಮಾಡೋಕೆ ಆಡಳಿತ ಪ್ರಯತ್ನಿಸಬೇಕು. ಯಾರು ಬಂದು ಕರ್ಕೊಂಡು ಹೋಗ್ತಾರೆ, ಎಲ್ಲಿಗೆ, ಇಂಥದ್ದೆಲ್ಲ.

ನಮ್ಮಲ್ಲಿ? ಕಾಗದದ ಮೇಲೆ ನಾವೇನೂ ಹಿಂದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ನೋಡಿ: ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಂಡಿರಬೇಕು, ಅಪಾಯ ಇದ್ದಾಗ ಅವರಿಗೆ ತಿಳಿಸೋ ವ್ಯವಸ್ಥೆ ಮಾಡಬೇಕು. ಆದರೆ ಆ ವಿವರ ಡಿಸಿ ಆಫೀಸಿನ ಕಡತದಲ್ಲೇ ಉಳಿದ್ರೆ ಏನು ಪ್ರಯೋಜನ? 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ ರಸ್ತೆಗಳೇ ಕಡಿದುಹೋದವು. ಅಂಥ ಹೊತ್ತಲ್ಲಿ ಹೊರಗಿನ ತಂಡ ಬರೋ ತನಕ ಇರೋದು ಅಕ್ಕಪಕ್ಕದವರಷ್ಟೇ.

ಪಟ್ಟಿ ಅಂದ ತಕ್ಷಣ ವೀಲ್‌ಚೇರ್ ಮಾತ್ರ ಕಣ್ಮುಂದೆ ಬರುತ್ತೆ. ಕಾಫಿ ತೋಟದ ಲೈನ್‌ಮನೇಲಿರೋ ಅಸ್ಸಾಂ ಕಾರ್ಮಿಕರಿಗೆ ಕನ್ನಡದ ಮೈಕ್ ಪ್ರಕಟಣೆ ಅರ್ಥ ಆಗುತ್ತಾ? ಕಿವಿ ಕೇಳದವರಿಗೆ ಮೈಕಿದ್ದೂ ಇಲ್ಲದ ಹಾಗೆ. ತುಂಬು ಗರ್ಭಿಣಿ, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗೋರು, ಹಸು ಬಿಟ್ಟು ಬರಲ್ಲ ಅಂತ ಹಟ ಹಿಡಿಯೋ ಅಜ್ಜ, ಇವರೂ ಸೇರಬೇಕು.

ಹಾಗಂತ ನೀವೇ ಪಟ್ಟಿ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ. ಒಂಟಿ ಅಜ್ಜಿ ಎಲ್ಲಿದ್ದಾರೆ ಅಂತ ಕಳ್ಳರಿಗೂ ಗೊತ್ತಾಗುತ್ತೆ. ಆಶಾ ಕಾರ್ಯಕರ್ತೆಗೆ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಮನೆಮನೆ ಗೊತ್ತಿರುತ್ತೆ, ಅವರ ಜೊತೆ ಕೂತ್ಕೊಳ್ಳಿ. ಒಂದು ಮನೆಗೆ ಇಬ್ಬರು ಇರಲಿ, ಒಬ್ರು ಊರಲ್ಲಿಲ್ಲದಿದ್ರೆ ಇನ್ನೊಬ್ರು. ಹೇಗೆ ಎತ್ತಬೇಕು, ಯಾವ ಮಾತ್ರೆ ಚೀಲಕ್ಕೆ ಹಾಕ್ಬೇಕು ಅಂತ ಅವರನ್ನೇ ಕೇಳಿ. ಕಣ್ಣು ಕಾಣದವರನ್ನ ಕೈ ಹಿಡಿದು ಎಳೀಬೇಡಿ. ನಿಮ್ಮ ಮೊಣಕೈ ಅವರು ಹಿಡ್ಕೊಳ್ಳಲಿ. ಇವರಿಗೆ ಹೊರಡೋಕೆ ಹೆಚ್ಚು ಹೊತ್ತು ಬೇಕು. ಹಾಗಾಗಿ ನೀರು ಬೀದಿಗೆ ಬಂದ್ಮೇಲಲ್ಲ, ಮುನ್ನೆಚ್ಚರಿಕೆ ಸಿಕ್ಕ ಕೂಡಲೇ ಮೊದಲು ಹೊರಡಬೇಕಾದವರು ಇವರೇ. ಜಿಲ್ಲಾ ಕಂಟ್ರೋಲ್ ರೂಮ್ ನಂಬರ್ 1077. ಅದನ್ನ ಸ್ಮಾರ್ಟ್‌ಫೋನ್ ಇಲ್ಲದ ಮನೇಲಿ ಗೋಡೆ ಮೇಲೆ ದೊಡ್ಡದಾಗಿ ಬರೆದು ಬನ್ನಿ.