ಉಳಿಸಿಟ್ಟ ಕ್ವೆರಿಗೆ ಒಂದು ಟಿಪ್ಪಣಿ: ಸಂಘ-ಸಂಸ್ಥೆಗಳ ಕಚೇರಿಗೆ ಉಪಯುಕ್ತ ಮಾಹಿತಿ

ಕುಟುಂಬಗಳ ಪಟ್ಟಿ, ಪತ್ರಿಕೆಯ ಚಂದಾದಾರರ ವಿವರ, ವಿದ್ಯಾರ್ಥಿವೇತನದ ಅರ್ಜಿಗಳು ಈಗ ಎಷ್ಟೋ ಸಂಘ-ಸಂಸ್ಥೆಗಳ ಕಚೇರಿಯಲ್ಲಿ ಕಂಪ್ಯೂಟರಿಗೆ ಸೇರಿವೆ. ‘ಈ ವರ್ಷ ಹತ್ತನೇ ತರಗತಿ ಮುಗಿಸಿದವರು ಯಾರು?’, ‘ಯಾರ ಚಂದಾ ಈ ತಿಂಗಳು ಮುಗಿಯುತ್ತದೆ?’ ಎಂದು ಡೇಟಾಬೇಸಿಗೆ ಕೇಳುವ ಪ್ರಶ್ನೆಗೆ ಕ್ವೆರಿ ಎಂದು ಹೆಸರು. ಪ್ರತಿ ಸಲವೂ ಅದನ್ನು ಹೊಸದಾಗಿ ಬರೆಯಬೇಕಿಲ್ಲ. ಒಮ್ಮೆ ಬರೆದು, ಹೆಸರು ಕೊಟ್ಟು ಉಳಿಸಿದರೆ ಬೇಕಾದಾಗ ಮತ್ತೆ ಬಳಸಬಹುದು.

ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಬೇಸ್, ಮೈಕ್ರೋಸಾಫ್ಟ್ ಆಕ್ಸೆಸ್ ಎರಡರಲ್ಲೂ ಈ ಸೌಲಭ್ಯವಿದೆ.

ಉಳಿಯುವುದು ಪ್ರಶ್ನೆ, ಉತ್ತರವಲ್ಲ

ಕ್ವೆರಿಯನ್ನು ಉಳಿಸಿದಾಗ ಪಟ್ಟಿ ಉಳಿಯುವುದಿಲ್ಲ. ಪಟ್ಟಿ ತೆಗೆಯುವ ಕ್ರಮ ಮಾತ್ರ ಉಳಿಯುತ್ತದೆ. ಪ್ರತಿ ಬಾರಿ ತೆರೆದಾಗಲೂ ಅದು ಆ ಹೊತ್ತಿನ ದಾಖಲೆಗಳನ್ನು ನೋಡಿ ಉತ್ತರ ಕೊಡುತ್ತದೆ. ಹಾಗಾಗಿ ಮುದ್ರಿಸಿದ ಪಟ್ಟಿಯ ಮೇಲೆ ದಿನಾಂಕ ಇರಲೇಬೇಕು.

ಜಿಲ್ಲೆಗೊಂದು ಕ್ವೆರಿ ಬರೆಯುವ ಅಗತ್ಯವೂ ಇಲ್ಲ. ಬೇಸ್‌ನಲ್ಲಿ ಷರತ್ತಿನ ಜಾಗದಲ್ಲಿ ಕೋಲನ್ ಹಾಕಿ, ಅದಕ್ಕೆ ಅಂಟಿದಂತೆ ಒಂದು ಹೆಸರು ಬರೆದರೆ ಸಾಕು. ಕ್ವೆರಿ ತೆರೆದಾಗಲೆಲ್ಲ ಯಾವ ಜಿಲ್ಲೆ ಬೇಕೆಂದು ಕೇಳುತ್ತದೆ. ಆಕ್ಸೆಸ್‌ನಲ್ಲಿ ಇದೇ ಕೆಲಸಕ್ಕೆ ಚೌಕ ಆವರಣ ಬಳಸುತ್ತಾರೆ.

ಹೆಸರುಗಳು ಬಿಟ್ಟುಹೋಗುವುದು ಹೇಗೆ?

ಕ್ವೆರಿಯಲ್ಲಿ ಲೋಪವಿದ್ದರೂ ಪಟ್ಟಿಯೇನೋ ಬರುತ್ತದೆ. ಅದರಲ್ಲಿ ಯಾರು ಇಲ್ಲ ಎಂಬುದು ಮಾತ್ರ ಕಾಣುವುದಿಲ್ಲ. ಹೀಗಾಗುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳು:

1. ಊರಿನ ಹೆಸರು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಇದ್ದರೆ, ‘ವಿಜಯಪುರ’ ಎಂದು ಕೇಳುವ ಕ್ವೆರಿಗೆ ಆ ಕುಟುಂಬಗಳು ಸಿಗುವುದಿಲ್ಲ. ಮೂಡುಬಿದಿರೆ, ಮೂಡಬಿದ್ರಿ ಎಂಬ ಎರಡು ಬರಹಗಳೂ ಕಂಪ್ಯೂಟರಿಗೆ ಎರಡು ಬೇರೆ ಊರುಗಳೇ.

2. ಖಾಲಿ ಜಾಗ. ‘ಬೆಳಗಾವಿ ಜಿಲ್ಲೆಯವರನ್ನು ಬಿಟ್ಟು ಉಳಿದವರು’ ಎಂದು ಕೇಳಿದಾಗ, ಜಿಲ್ಲೆಯ ಕಾಲಂ ಖಾಲಿ ಇರುವವರೂ ಪಟ್ಟಿಯಿಂದ ಹೊರಗುಳಿಯುತ್ತಾರೆ. ಖಾಲಿ ಜಾಗವನ್ನು ಡೇಟಾಬೇಸ್ ‘ಗೊತ್ತಿಲ್ಲ’ ಎಂದು ಎಣಿಸುತ್ತದೆ, ‘ಬೇರೆ’ ಎಂದಲ್ಲ. ಅವರೂ ಬೇಕಿದ್ದರೆ ‘ಅಥವಾ ಖಾಲಿ ಇರುವವರು’ ಎಂಬ ಷರತ್ತನ್ನು ಪ್ರತ್ಯೇಕವಾಗಿ ಸೇರಿಸಬೇಕು.

3. ಬರೆದಿಟ್ಟ ದಿನಾಂಕ. ಕ್ವೆರಿಯೊಳಗೆ ಒಂದು ವರ್ಷವನ್ನು ಖಾಯಂ ಆಗಿ ಬರೆದಿದ್ದರೆ, ಮುಂದಿನ ವರ್ಷ ಅದು ತಪ್ಪು ಮಕ್ಕಳ ಹೆಸರು ಕೊಡುತ್ತದೆ. ವಯಸ್ಸಿನ ಬದಲು ಜನ್ಮದಿನಾಂಕವನ್ನು ದಾಖಲಿಸಿ, ವರ್ಷವನ್ನು ಪ್ರತಿ ಸಲ ಕೇಳುವಂತೆ ಬರೆಯುವುದು ಒಳ್ಳೆಯದು.

ಟಿಪ್ಪಣಿಯಲ್ಲಿ ಏನಿರಬೇಕು?

ಕ್ವೆರಿ ಬರೆದವರಿಗೆ ಇವೆಲ್ಲ ನೆನಪಿರಬಹುದು. ಪದಾಧಿಕಾರಿಗಳು ಬದಲಾದ ಮೇಲೆ ಬರುವವರಿಗೆ ಕಾಣುವುದು ‘ಪಟ್ಟಿ2’, ‘ಹೊಸಪಟ್ಟಿ’ ಎಂಬ ಹೆಸರುಗಳು ಮಾತ್ರ. ಆದ್ದರಿಂದ ಅದೇ ಡೇಟಾಬೇಸಿನಲ್ಲಿ ‘ಕ್ವೆರಿ ವಿವರ’ ಎಂಬ ಒಂದು ಕೋಷ್ಟಕ ಮಾಡಿ, ಪ್ರತಿ ಕ್ವೆರಿಗೂ ಒಂದು ಸಾಲು ಬರೆದಿಡಬೇಕು. ಅದರಲ್ಲಿ ಇರಬೇಕಾದದ್ದು:

• ಕ್ವೆರಿಯ ಹೆಸರು, ಅದು ಕೇಳುವ ಪ್ರಶ್ನೆ ಸರಳ ಕನ್ನಡದಲ್ಲಿ
• ಯಾವ ಕೋಷ್ಟಕಗಳಿಂದ ಮಾಹಿತಿ ತೆಗೆಯುತ್ತದೆ
• ತೆರೆದಾಗ ಏನು ತುಂಬಬೇಕು, ಯಾವ ಕಾಗುಣಿತದಲ್ಲಿ
• ಯಾರು ಸೇರುತ್ತಾರೆ, ಯಾರು ಬಿಟ್ಟುಹೋಗುತ್ತಾರೆ
• ಬರೆದವರು, ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕ

ಉದಾಹರಣೆಗೆ: ‘ಚಂದಾ ಮುಗಿಯುವವರು: ಕೇಳಿದ ತಿಂಗಳಲ್ಲಿ ಚಂದಾ ಮುಗಿಯುವ ಎಲ್ಲರೂ. ತಿಂಗಳನ್ನು ಅಂಕಿಯಲ್ಲಿ, ವರ್ಷವನ್ನು ನಾಲ್ಕು ಅಂಕಿಯಲ್ಲಿ ತುಂಬಬೇಕು. ಆಜೀವ ಚಂದಾದಾರರು ಇದರಲ್ಲಿ ಬರುವುದಿಲ್ಲ.’ ಇಷ್ಟಿದ್ದರೆ ಹೊಸಬರು ಯಾರನ್ನೂ ಕೇಳದೆ ಕೆಲಸ ಮುಂದುವರಿಸಬಹುದು.

ಇನ್ನೆರಡು ಎಚ್ಚರಿಕೆಗಳು

ಬಳಕೆಯಲ್ಲಿರುವ ಕ್ವೆರಿಯನ್ನು ನೇರವಾಗಿ ತಿದ್ದದೆ, ಪ್ರತಿ ಮಾಡಿಕೊಂಡು ತಿದ್ದಬೇಕು. ಹೊಸದನ್ನು ಕೈಯಲ್ಲಿ ಎಣಿಸಬಹುದಾದ ಒಂದು ಚಿಕ್ಕ ಊರಿನ ಪಟ್ಟಿಯೊಂದಿಗೆ ಹೋಲಿಸಿ ನೋಡಿದ ನಂತರವೇ ಬಳಕೆಗೆ ತರಬೇಕು.

ಪಟ್ಟಿಯಲ್ಲಿ ದೂರವಾಣಿ ಸಂಖ್ಯೆ, ಆದಾಯದಂತಹ ವಿವರಗಳಿದ್ದರೆ, ಕೆಲಸಕ್ಕೆ ಬೇಕಾದ ಕಾಲಂಗಳನ್ನಷ್ಟೇ ಕ್ವೆರಿ ತೋರಿಸುವಂತೆ ಬರೆಯಬೇಕು. ಆಮಂತ್ರಣ ಪತ್ರಿಕೆ ಕಳುಹಿಸಲು ವಿಳಾಸ ಸಾಕು. ಕುಟುಂಬದ ಆದಾಯ ಬೇಕಿಲ್ಲ.

ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಒಂದು ಮಗುವಿನ ಹೆಸರು ತಪ್ಪಿದರೆ ಆ ಮಗು ಒಂದು ವರ್ಷದ ನೆರವನ್ನೇ ಕಳೆದುಕೊಳ್ಳಬಹುದು. ಅದನ್ನು ತಪ್ಪಿಸಲು ಪ್ರತಿ ಕ್ವೆರಿಗೆ ಐದು ನಿಮಿಷದ ಟಿಪ್ಪಣಿ ದೊಡ್ಡ ಶ್ರಮವೇನಲ್ಲ.