ನೋಟೀಸು ಬಂದ ಮಾತ್ರಕ್ಕೆ ಮನೆ ಹೋಗದು

ಸಾಂಗ್ಲಿವಾಡಿಯಿಂದ ಕೃಷ್ಣೆಯ ಇರ್ವಿನ್ ಸೇತುವೆ ದಾಟಿ ದಿನವೂ ದುಡಿಮೆಗೆ ಹೋಗುವ ಬಾಡಿಗೆದಾರರಿಗೆ ಮನೆಯೆಂದರೆ ಬರಿಯ ಸೂರಲ್ಲ. ಮಕ್ಕಳ ಶಾಲೆಯ ವರ್ಷವೂ ಅದನ್ನೇ ನೆಚ್ಚಿಕೊಂಡಿರುತ್ತದೆ. ‘ಎಂಟು ದಿನಗಳಲ್ಲಿ ಮನೆ ತೆರವು ಮಾಡತಕ್ಕದ್ದು’ ಎಂಬ ಮರಾಠಿ ನೋಟೀಸು ಬಂದಾಗ, ಕನ್ನಡವನ್ನಷ್ಟೇ ಓದಬಲ್ಲ ಮನೆಯಲ್ಲಿ ಭಯ ಇಮ್ಮಡಿಯಾಗುತ್ತದೆ. ಆದರೆ ನೋಟೀಸು ನ್ಯಾಯಾಲಯದ ಆದೇಶವಲ್ಲ.

ಮೊದಲು ಪರಿಶೀಲಿಸಬೇಕಾದುದು ಕರಾರುಪತ್ರವನ್ನು. ಅದು ‘ಲೀವ್ ಅಂಡ್ ಲೈಸೆನ್ಸ್’ ಆಗಿದ್ದರೆ ಅವಧಿ ಮುಗಿದೊಡನೆ ಮನೆ ಬಿಡಬೇಕಾಗುತ್ತದೆ. ಬಿಡದಿದ್ದರೆ ಮಾಲೀಕರು ಸಕ್ಷಮ ಪ್ರಾಧಿಕಾರದ ಮೊರೆಹೋಗಬಹುದು, ಇಮ್ಮಡಿ ಶುಲ್ಕದ ಹೊರೆಯೂ ಬೀಳಬಹುದು. ಬಾಡಿಗೆ ಕರಾರಾಗಿದ್ದರೆ 2000ರ ಮಾರ್ಚ್ 31ರಿಂದ ಜಾರಿಯಲ್ಲಿರುವ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ ರಕ್ಷಣೆ ದೊರೆಯುತ್ತದೆ. ಕರಾರನ್ನು ಬರಹದಲ್ಲಿ ಮಾಡಿ ನೋಂದಾಯಿಸುವ ಹೊಣೆ 55ನೆಯ ಕಲಮಿನಂತೆ ಮಾಲೀಕರದು.

ಬಾಡಿಗೆ ಬಾಕಿಯ ಕಾರಣಕ್ಕೆ ದಾವೆ ಹೂಡುವ ಮುನ್ನ ಬಾಕಿಯನ್ನು ಕೇಳುವ ಲಿಖಿತ ನೋಟೀಸು ತಲಪಬೇಕು; ಆ ಬಳಿಕ 90 ದಿನ ಕಳೆಯಬೇಕು. ಅದಕ್ಕೆ ಮಾಲೀಕರ ಅಥವಾ ಅವರ ಪರವಾದವರ ಸಹಿ ಇರಬೇಕು. ಅದು ಅಂಚೆಯಿಂದಲೋ, ಬಾಡಿಗೆದಾರರ ಅಥವಾ ಮನೆಯವರ ಕೈಗೋ ತಲಪಬೇಕು. ಸಾಧ್ಯವಾಗದಿದ್ದಲ್ಲಿ ಮಾತ್ರ ಮನೆಯ ಎದ್ದುಕಾಣುವ ಭಾಗಕ್ಕೆ ಅಂಟಿಸಬಹುದು. ಬಾಯಿಮಾತಿನ ಬೆದರಿಕೆ ನೋಟೀಸಾಗದು. ದಾವೆಯ ಸಮನ್ಸು ಬಂದ ಮೇಲೂ 90 ದಿನಗಳೊಳಗೆ ಬಾಕಿ, ಶೇ. 15ರ ವಾರ್ಷಿಕ ಸರಳ ಬಡ್ಡಿ ಮತ್ತು ದಾವೆಯ ಖರ್ಚನ್ನು ನ್ಯಾಯಾಲಯದಲ್ಲಿ ಕಟ್ಟಿ, ಮುಂದೆ ಬಾಡಿಗೆ ತಪ್ಪಿಸದಿದ್ದರೆ ಬಾಕಿಯ ಕಾರಣಕ್ಕೆ ತೆರವಿನ ಡಿಕ್ರಿಯಾಗದು.

ಸ್ವಂತ ಅಗತ್ಯ, ಒಳಬಾಡಿಗೆ ಮೊದಲಾದ ಕಾರಣಗಳಿಗೂ ಮನೆ ಬಿಡಿಸಬಹುದು. ಆದರೆ ಅವನ್ನು ಮಾಲೀಕರು ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕು. ಸ್ವಂತ ಅಗತ್ಯವೆಂದಾಗ ಇಬ್ಬರಲ್ಲಿ ಯಾರ ಕಷ್ಟ ಹೆಚ್ಚೆಂಬುದನ್ನೂ ನ್ಯಾಯಾಧೀಶರು ತೂಗಿನೋಡುತ್ತಾರೆ. ನೀರು, ವಿದ್ಯುತ್ತು ಕಡಿದು ಹೊರಹಾಕುವುದನ್ನು 29ನೆಯ ಕಲಮು ನಿಷೇಧಿಸುತ್ತದೆ.

ಅಂಚೆಯವನು ತಂದ ನೋಟೀಸನ್ನು ನಿರಾಕರಿಸಿ ಮರಳಿಸುವುದು ಜಾಣತನವಲ್ಲ. ನಿರಾಕರಿಸಿದರೂ ಅದು ತಲಪಿತೆಂದೇ ನ್ಯಾಯಾಲಯ ಭಾವಿಸಬಹುದು. ಪಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳುವುದು ಲೇಸು. ಪ್ರತಿ ಪಾವತಿಗೂ ರಸೀದಿ ಕೊಡುವುದು ಮಾಲೀಕರ ಕರ್ತವ್ಯ. ಆದರೆ 2019ರ ಮಹಾಪೂರ ಕಂಡ ಊರಿನಲ್ಲಿ ಕಾಗದವೊಂದನ್ನೇ ನಂಬಲಾಗದು. ರಸೀದಿಗಳ ಚಿತ್ರ ಮೊಬೈಲಿನಲ್ಲೂ ಇರಲಿ, ಬಾಡಿಗೆ ಬ್ಯಾಂಕಿನ ಮೂಲಕವೇ ಸಲ್ಲಲಿ.

ವಕೀಲರನ್ನಿಡಲು ಹಣವಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಹಾಗೂ ಅಲ್ಪ ಆದಾಯದವರು ಉಚಿತ ನೆರವಿಗೆ ಅರ್ಹರು, ಸಹಾಯವಾಣಿ 15100. ಗಂಟುಮೂಟೆ ಕಟ್ಟುವ ಮೊದಲು ಆ ಬಾಗಿಲನ್ನು ತಟ್ಟಿದರೆ, ಮಕ್ಕಳ ಶಾಲೆ ನಡುವರ್ಷದಲ್ಲಿ ತಪ್ಪದಿರಬಹುದು.